ದಾನೇಶ್ವರಿಯ ಮಾತು ಹೊರಬಿದ್ದ ದಾರಿ

ಚಿಕ್ಕೋಡಿಯ ಆ ಆಪ್ತಸಮಾಲೋಚನಾ ಕೇಂದ್ರದಲ್ಲಿ ಮನಸ್ಸಿನ ಭಾರ ಇಳಿಸಲು ಪೈಸೆ ಕೊಡಬೇಕಿರಲಿಲ್ಲ. ಆದರೆ ಅಲ್ಲಿ ಆಡಿದ ಮಾತು ಹೊರಬಿದ್ದದ್ದಕ್ಕೆ ಅಂಕಲಿಯ ದಾನೇಶ್ವರಿ ನಿಶ್ಚಯವಾಗಿದ್ದ ಮದುವೆಯನ್ನು ತೆತ್ತಳು. ಅದನ್ನು ಕೇಳಿಸಿಕೊಂಡಿದ್ದ ಪ್ರಾಜಕ್ತಾ ತನ್ನ ಹೆಸರನ್ನೇ ತೆರುವುದರಲ್ಲಿದ್ದಳು.

ಪ್ರಾಜಕ್ತಾ ನಿಪ್ಪಾಣಿಯವಳು, ಆ ಕೇಂದ್ರದಲ್ಲಿ ಕೆಲಸ ಕಲಿಯುತ್ತಿದ್ದವಳು. ನಿವೃತ್ತ ಪೊಲೀಸ್ ಫೌಜದಾರ ಕುಸುಮತಾಯಿಯವರ ಪಡಸಾಲೆಯಲ್ಲಿ ಕೂತು ಅಳುತ್ತಿದ್ದಳು. ತಾಯಿಯವರು ನೌಕರಿಯಲ್ಲಿದ್ದಾಗ ಅವರ ಜೀಪು ಓಡಿಸುತ್ತಿದ್ದ, ಈಗಲೂ ಅವರ ಬೆನ್ನಿಗೇ ಇರುವ ನಾನು ಚಹಾ ತಂದಿಟ್ಟೆ.

"ನಾ ಯಾರಿಗೂ ಹೇಳಿಲ್ರಿ ತಾಯಿ, ನಮಗ ಕಲಿಸೋ ವಿರುಪಾಕ್ಷಪ್ಪ ಸರ್ ಬಿಟ್ಟು. ಕಲಿಯೋರು ಕೇಳಿದ್ದನ್ನ ಅವರ ಮುಂದ ಹೇಳಿ ತಿದ್ದಿಸಿಕೋಬೇಕ್ರಿ. ಹೆಸರ ಹೇಳೂದಿಲ್ಲ, ಗುರುತಿನ ಸಂಗತಿ ಬದಲಿಸ್ತೀವಿ. ಈಗ ಅವರ ನನ್ನ ಮ್ಯಾಲೆ ಹಾಕ್ಯಾರ. ಸೋಮವಾರ ನನ್ನ ತಗದಹಾಕ್ತಾರಂತ. ಮುಂದ ಎಲ್ಲೂ ಈ ಕೆಲಸ ಸಿಗೂದಿಲ್ರಿ."

"ಏನ ಬದಲಿಸಿದ್ದಿ?" ಎಂದು ನಾನು ಬಾಯಿ ಹಾಕಿದೆ.

"ಸುಮ್ನಿರೋ," ಎಂದರು ತಾಯಿ. "ಆ ಹುಡುಗಿ ಒಪ್ಪದ ಹೊರತು ನಮಗೂ ಹೇಳಬ್ಯಾಡವಾ."

ಅಂಕಲಿಯಲ್ಲಿ ದಾನೇಶ್ವರಿಯ ಅವ್ವ ಗೌರಾಬಾಯಿ ನಮ್ಮಿಬ್ಬರನ್ನು ಬಾಗಿಲಲ್ಲೇ ತಡೆದಳು. "ಮಾನ ಹೋತು, ಈಗ ಪೊಲೀಸರ ಬಂದ್ರೇನ?"

"ಗಂಡಿನವರು ಅಂದದ್ದನ್ನ ಹಂಗ ಹೇಳವಾ," ಎಂದರು ತಾಯಿ.

"'ಚೌಕಶಿ ಮಾಡೀವಿ. ಕೊಲ್ಲಾಪುರದ ಹುಚ್ಚರ ದವಾಖಾನ್ಯಾಗ ಇದ್ದಾಕಿ ನಮಗ ಬ್ಯಾಡ' ಅಂದ್ರು."

ಗೊತ್ತುಮಾಡಿದ ಮೇಲೂ ಹೆಣ್ಣಿನ ಬಗ್ಗೆ ನಾಲ್ಕು ಕಡೆ ಚೌಕಶಿ ಮಾಡುವುದು, ಅಂದರೆ ವಿಚಾರಿಸುವುದು, ನಮ್ಮ ಕಡೆಯ ವಾಡಿಕೆ.

ಒಳಗೆ ಕಾಳು ಆರಿಸುತ್ತಿದ್ದ ದಾನೇಶ್ವರಿ ತಲೆ ಎತ್ತಲಿಲ್ಲ. "ನಾ ಕೊಲ್ಲಾಪುರ ಕಂಡೇ ಇಲ್ಲ. ಅಣ್ಣ ಸತ್ತ ಮ್ಯಾಲೆ ನಿದ್ದಿ ಹತ್ತಲಿಲ್ಲ. ಮಿರಜದ ದವಾಖಾನ್ಯಾಗ ಇದ್ದೆ."

"ಇದನ್ನ ನಾಕು ಮಂದಿ ಮುಂದ ಆಡಲೇನವ್ವಾ?"

"ಆಡ್ರಿ. ಇನ್ನ ಏನ ಉಳದೈತಿ?"

ಸೋಮವಾರ ಕೇಂದ್ರದಲ್ಲಿ, ವಿರುಪಾಕ್ಷಪ್ಪನವರ ಕೋಣೆಯಲ್ಲೇ ಎಲ್ಲರೂ ಸೇರಿದೆವು. ಅವರ ಕುರ್ಚಿಯ ಪಕ್ಕದ ಕಿಟಕಿಯಿಂದ ಬರುವವರು ಹೋಗುವವರು ಕಾಣುತ್ತಿದ್ದರು. ಗೌರಾಬಾಯಿಯೂ ಬಂದಿದ್ದಳು.

ತಾಯಿ ಮೊದಲು ಬಾಗಿಲು ಕಾಯುವ ಸಂಜಯನನ್ನು ಕೇಳಿದರು. "ಬಂದವರ ಹೆಸರು ನಿನಗ ಗೊತ್ತು. ಒಳಗಿನ ಮಾತು?"

"ಕಿವಿ ಹಚ್ಚಿದ್ರೂ ಫ್ಯಾನಿನ ಸಪ್ಪಳ ಬಿಟ್ಟು ಏನೂ ಕೇಳೂದಿಲ್ರಿ."

"ಹಚ್ಚಿ ನೋಡಿದ್ದಿ ಅಂದಂಗಾತು."

ಗೌರಾಬಾಯಿ ಕೂಡ ನಕ್ಕಳು. ತಾಯಿ ನಗಲಿಲ್ಲ.

"ಹುಡುಗಿ ಇದ್ದದ್ದು ಮಿರಜದಾಗ. ಮನಿಯವರು ಬಾಯಿ ಬಿಟ್ಟಿದ್ರ ಮಿರಜ ಅಂತಿದ್ರು. ಗಂಡಿನವರಿಗೆ ಮುಟ್ಟಿದ್ದು ಕೊಲ್ಲಾಪುರ. ಪ್ರಾಜಕ್ತಾ, ಏನ ಬದಲಿಸಿದ್ದಿ, ಈಗ ಹೇಳು."

"ಊರು ರೀ. ಮಿರಜದ ದವಾಖಾನ್ಯಾಗ ನಮ್ಮ ಕಡೆ ಎಲ್ಲಾರ ಮಂದಿನೂ ಇರ್ತಾರ, ಗುರುತ ಹತ್ತತೈತಿ ಅಂತ ಕೊಲ್ಲಾಪುರ ಅಂದಿದ್ನಿ. ಸರ್ ಒಬ್ಬರ ಮುಂದ."

"ಅಕಿನ ಹೊರಗ ಹಂಗ ಹೇಳಿರಬೇಕು," ಎಂದರು ವಿರುಪಾಕ್ಷಪ್ಪ.

"ಹೆಸರ ಹೇಳಿ ಮಾನ ಕಳಿಯಾಕಿ ಊರ್ಯಾಕ ಮುಚ್ಚತಾಳ್ರಿ? ನಿಮಗ ಅಕಿ ಹೆಸರ ಹೇಳಲಿಲ್ಲ. ಈ ಕಿಟಕಿ ಹೇಳಿತು. ಅಕಿ ಹತ್ರ ಯಾರು ಬಂದ್ರು ಅಂತ ನೀವ ಕೂತಲ್ಲಿಂದ ಕಂಡಿದ್ರಿ."

ವಿರುಪಾಕ್ಷಪ್ಪ ಕನ್ನಡಕ ತೆಗೆದು ಒರೆಸಿದರು. "ಗಂಡಿನ ತಂದಿ ಅಲಖನೂರದಿಂದ ಬಂದಿದ್ದ. ನಮ್ಮ ಬೀಗರ ಪೈಕಿ. ಚೌಕಶಿಗೆ ಬಂದವರಿಗೆ ಸುಳ್ಳು ಹೇಳಲೇನು? ಹಿರ್ಯಾ ಅಂತ ಕೇಳಿದ್ರು, ಹೇಳಿದೆ."

"ನಿಮ್ಮ ಮನಿ ಕಟ್ಟಿ ಮ್ಯಾಲೆ ನೀವು ಹಿರ್ಯಾರು. ಈ ಕುರ್ಚಿ ಮ್ಯಾಲೆ ಕೇಳಿದ್ದು ನಿಮ್ಮದಲ್ಲ. ಬೀಗರ ಸಂಗತಿ ಅಂತ ತಿಳದ ಕೂಡಲೆ, 'ಇದನ್ನ ಬ್ಯಾರೆಯವರ ಮುಂದ ಇಡು' ಅಂತ ಈ ಹುಡುಗಿಗೆ ಅನಬೇಕಿತ್ತು. ಕಲಿಯಾಕಿ ತಪ್ಪಿದ್ರೂ ಮೊದಲ ಹೊರೋರು ನೀವು. ನೀವು ನಿಮ್ಮ ತಪ್ಪನ್ನ ಅಕಿ ತಲಿಮ್ಯಾಲೆ ಇಟ್ರಿ."

ಗೌರಾಬಾಯಿ ಎದ್ದಳು. "ಸರ್, ಮಗಳನ್ನ ಇಲ್ಲಿ ಕರಕೊಂಡ ಬರ್ರಿ ಅಂತ ಹೇಳಿದವರೂ ನೀವ ಅಲ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಗೆ ಹೋದಳು.

ವಿರುಪಾಕ್ಷಪ್ಪ ಕೇಂದ್ರ ಬಿಟ್ಟರು. ಅವರ ಕಟ್ಟೆಗೆ ಜನ ಈಗಲೂ ಚೌಕಶಿಗೆ ಬರುತ್ತಾರೆ. ಪ್ರಾಜಕ್ತಾಳ ಹೆಸರು ಉಳಿಯಿತು, ಕೆಲಸವೂ ಉಳಿಯಿತು. ಅವಳು ಅಂಕಲಿಗೆ ಹೋದಾಗ ಗೌರಾಬಾಯಿ ನೀರು ಕೊಟ್ಟಳು. ದಾನೇಶ್ವರಿ ಒಳಗಿನಿಂದ ಬರಲಿಲ್ಲ. ಆಮೇಲೆ ಅವಳು ಯಾರ ಮುಂದೆಯೂ ಅಣ್ಣನ ಮಾತು ಎತ್ತಿಲ್ಲ.