ಊಟದ ಹೊತ್ತಿನಲ್ಲಿ ಅವನು ತೆರೆಯುತ್ತಿದ್ದ ಚಿತ್ರ

"ಇಲ್ಲಿ ಡಿಸ್ಕಮ್ಮ ಅಂದ್ರೆ ಯಾರು?"

ಕಂಪ್ಯೂಟರ್ ಡಿಸ್ಕ್‌ಗಳನ್ನೆಲ್ಲ ನೋಡಿಕೊಳ್ಳುತ್ತಾಳೆಂದು ಆ ಅಡ್ಡಹೆಸರು ಬಿದ್ದಿದ್ದ ಅವಳು ತಲೆಯೆತ್ತಿದಳು. ಆಸ್ಪತ್ರೆಯ ಸರ್ವರ್ ಕೋಣೆಯ ಬಾಗಿಲಲ್ಲಿ ಲ್ಯಾಬ್‌ನ ಸಾಫ್ಟ್‌ವೇರ್ ನೋಡಿಕೊಳ್ಳುವವನು ನಿಂತಿದ್ದ. ಎರಡು ತಿಂಗಳಿಂದ ಲಿಫ್ಟಿನಲ್ಲಿ ಅವಳು ಕದ್ದು ನೋಡುತ್ತಿದ್ದ ಅದೇ ಮುಖ!

"ನಾನೇ..."

"ಹೊಸ ಡಿಸ್ಕ್ ಬಂದಿವೆಯಂತೆ. ಸ್ಕ್ಯಾನ್ ವಿಭಾಗಕ್ಕೆ ಒಳ್ಳೇದು ಕೊಡಿ ಮೇಡಂ. ಚಿತ್ರ ತೆರೆಯೋದು ತಡ ಆಗಿ ಅಲ್ಲಿನ ಡಾಕ್ಟರಿಗೆ ತುಂಬಾ ಕಷ್ಟ ಆಗ್ತಿದೆ."

ಮೊದಲ ಸಲ ಮಾತಾಡಿದ್ದು. ಅದೂ ಇನ್ನೊಬ್ಬಳಿಗೋಸ್ಕರ!

"ಒಂದು ವಾರ ಅಳೆದು ನೋಡಿ ಹೇಳ್ತೀನಿ," ಎಂದಳು, ಕಣ್ಣು ತಗ್ಗಿಸಿ.

ಯಾವ ವಿಭಾಗ ಏನು ಓದುತ್ತದೆ, ಏನು ಬರೆಯುತ್ತದೆ ಎಂದು ನೋಡದೆ ಡಿಸ್ಕ್ ಜೋಡಿಸುವವಳಲ್ಲ ಅವಳು. ಲ್ಯಾಬ್‌ನದು ನಿಮಿಷ ನಿಮಿಷಕ್ಕೂ ಪುಟ್ಟ ಪುಟ್ಟ ಬರಹ; ಅದಕ್ಕೆ ಒಂದರ ನಕಲು ಇನ್ನೊಂದರಲ್ಲಿರುವ ಅವಳಿ ಡಿಸ್ಕ್ ಬೇಕು. ಸ್ಕ್ಯಾನ್‌ನದು ಭಾರೀ ಚಿತ್ರಗಳು. ಬರೆಯುವುದು ಒಮ್ಮೆ, ಓದುವುದು ಹತ್ತಾರು ಸಲ. ಅವನ್ನು ಎಂಟು ಡಿಸ್ಕ್‌ಗಳ ಮೇಲೆ ಹರಡಿ, ಎರಡು ಕೆಟ್ಟರೂ ಏನೂ ಕಳೆಯದ ಹಾಗೆ ಜೋಡಿಸಬೇಕು.

ಕಷ್ಟದ ಕೆಲಸವೇನಲ್ಲ. ಆದರೆ ಅಳತೆಯ ದಾಖಲೆಯಲ್ಲಿ ಒಂದು ಸಾಲು ಕಣ್ಣಿಗೆ ಚುಚ್ಚಿತು.

ಅವನ ಲಾಗಿನ್! ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ, ಸ್ಕ್ಯಾನ್ ಕೋಣೆಯ ಕಂಪ್ಯೂಟರಿನಿಂದ. ಮಂಗಳವಾರವೂ. ಬುಧವಾರವೂ... ದಿನಾ ಒಂದೇ ಚಿತ್ರ, ನಲವತ್ತು ನಿಮಿಷ!

ಒಂದೇ ಚಿತ್ರವನ್ನು ಅಷ್ಟು ಹೊತ್ತು ಯಾರು ನೋಡುತ್ತಾರೆ? ಎಲ್ಲಾ ನೆಪ! ಪಕ್ಕದಲ್ಲಿ ಆ ಡಾಕ್ಟರ್ ಇರುತ್ತಾಳಲ್ಲ... ಎತ್ತರದವಳು, ನಕ್ಕರೆ ಕಾರಿಡಾರಿಗೆಲ್ಲ ಕೇಳುತ್ತದೆ. ನನ್ನ ನಗು ನನಗೇ ಕೇಳಿಸುವುದಿಲ್ಲ!



ವಾರ ಮುಗಿದು ಪಟ್ಟಿ ಬರೆಯುವಾಗ, ಸ್ಕ್ಯಾನ್ ಸಾಲಿನಲ್ಲಿ, ಎಷ್ಟು ಡಿಸ್ಕ್ ಕೆಟ್ಟರೂ ತಡೆಯಬೇಕು ಎಂಬ ಕಡೆ, 'ಎರಡು' ಎಂಬುದನ್ನು ಹೊಡೆದು 'ಒಂದು' ಎಂದು ಬರೆದಳು. ಒಂದೇ ಡಿಸ್ಕ್ ಕೆಟ್ಟರೆ ತಡೆಯುತ್ತದೆ, ಎರಡನೆಯದೂ ಹೋದರೆ ಎಲ್ಲವೂ ಹೋದ ಹಾಗೆ. ಅದು ಸಾಲದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇರಲಿ! ಜೋಡಿಯಾಗಿ ಕೂತು ಅಳಲಿ!

ಮರುದಿನ ಒಂದು ಗಂಟೆಗೆ ಪಟ್ಟಿ ಹಿಡಿದು ತಾನೇ ಹೊರಟಳು. ಕಣ್ಣಾರೆ ನೋಡಿಯೇ ಬಿಡೋಣ!

ಸ್ಕ್ಯಾನ್ ಕೋಣೆಯ ಮೂಲೆಯಲ್ಲಿ ಡಾಕ್ಟರ್ ಊಟ ಮಾಡುತ್ತಿದ್ದಳು. ಅವನು ದೂರದಲ್ಲಿ, ಪರದೆಯ ಮುಂದೆ ಒಬ್ಬನೇ ಕೂತಿದ್ದ. ಕಣ್ಣು ಕೆಂಪಾಗಿತ್ತು.

"ಡಿಸ್ಕಮ್ಮ ನೀನೇನಾ? ಬಾರಮ್ಮ!" ಡಾಕ್ಟರ್ ನಕ್ಕಳು. "ನಿನ್ನ ಸುದ್ದಿ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಈ ಮಹಾಶಯನಿಗೆ ಲಿಫ್ಟಲ್ಲಿ ನಿನ್ನೆದುರು ಬಾಯಿ ಬಿಡೋಕೆ ಬರಲ್ಲ, ಗೊತ್ತಿದ್ದೂ ಡಿಸ್ಕಮ್ಮ ಯಾರು ಅಂತ ಕೇಳ್ತಾನೆ, ನನ್ನ ತಲೆ ತಿನ್ನೋಕೆ ಬರತ್ತೆ!"

"ಸುಮ್ನಿರಿ ಮೇಡಂ..." ಅವನು ಗಾಬರಿಯಿಂದ ಎದ್ದ.

ಡಾಕ್ಟರ್ ಕೈ ತೊಳೆಯಲು ಹೊರನಡೆದಳು. ಪರದೆಯ ಮೇಲೆ ತಲೆಯ ಸ್ಕ್ಯಾನ್ ಒಂದಿತ್ತು.

"ಅಮ್ಮಂದು," ಎಂದ ಮೆಲ್ಲಗೆ. "ಮಂಗಳವಾರ ಆಪರೇಷನ್. ಆ ಗಡ್ಡೆ ನೋಡಿ... ದಿನಾ ಬಂದು ಕೇಳ್ತೀನಿ, ಡಾಕ್ಟರು ದಿನಾ ಮೊದಲಿಂದ ವಿವರಿಸ್ತಾರೆ. ಚಿತ್ರ ತೆರೆಯೋದು ತಡ ಆದ್ರೆ ಕಳೆದೇ ಹೋಯ್ತೇನೋ ಅಂತ ಎದೆ ಹಾರತ್ತೆ."

ಅವಳು ಕೈಯಲ್ಲಿದ್ದ ಪಟ್ಟಿಯನ್ನು ನೋಡಿದಳು. ಸದ್ದಿಲ್ಲದೆ ತಿದ್ದಿಬಿಡಲೇ? ಯಾರಿಗೂ ಗೊತ್ತಾಗುವುದಿಲ್ಲ... ಆಮೇಲೆ ಈ ಮುಖವನ್ನು ಹೇಗೆ ನೋಡುವುದು?

"ನಾನು... ಸ್ಕ್ಯಾನ್ ವಿಭಾಗಕ್ಕೆ ಬೇಕಂತಲೇ ಕಡಿಮೆ ಭದ್ರತೆ ಬರೆದೆ. ಇನ್ನೂ ಜೋಡಿಸಿಲ್ಲ."

"ಬೇಕಂತಲೇ? ಯಾಕೆ?"

"ಹೊಟ್ಟೆಕಿಚ್ಚು." ಡಾಕ್ಟರ್ ಹೋದ ಬಾಗಿಲ ಕಡೆ ನೋಡಿದಳು. "ನೀವಿಬ್ಬರೂ... ಅಂದ್ಕೊಂಡೆ."

ಅವನ ಮುಖ ಬಿಗಿಯಿತು. "ಅಮ್ಮನ ಚಿತ್ರ ಹೋಗಿದ್ರೆ?"

"ಗೊತ್ತು..." ಕಣ್ಣೀರು ಕಾಗದದ ಮೇಲೆ ಬಿತ್ತು.

ಅವನು ಜೇಬಿನಿಂದ ಪೆನ್ನು ತೆಗೆದು ಚಾಚಿದ. "ತಿದ್ದಿ. ನನ್ನೆದುರಿಗೇ."

ತಿದ್ದಿದಳು.

"ನಂಗೆ ಸಿಟ್ಟು ಬಂದಿದೆ," ಎಂದ.

"ಬರಲಿ."

"ಖುಷೀನೂ ಆಗ್ತಿದೆ. ಅದಕ್ಕೇ ಇನ್ನೂ ಸಿಟ್ಟು!"

ಅಳುತ್ತಲೇ ನಕ್ಕುಬಿಟ್ಟಳು. "ನಂಗೆ ನೀವಂದ್ರೆ ಇಷ್ಟ... ತುಂಬಾ."

ಅವನು ಪರದೆಯ ಮೇಲಿನ ಚಿತ್ರವನ್ನು ಮುಚ್ಚಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ, "ಮಂಗಳವಾರ ಆಪರೇಷನ್ ಕೋಣೆ ಹೊರಗೆ ಒಬ್ಬನೇ ಕೂರೋಕೆ ಭಯ ಆಗತ್ತೆ."

"ಎಷ್ಟು ಗಂಟೆಗೆ?"

"ಬೆಳಿಗ್ಗೆ ಎಂಟಕ್ಕೆ."

"ಏಳೂವರೆಗೇ ಬಂದಿರ್ತೀನಿ."