ಇನ್ನೊಬ್ಬರ ಕೈ ಹತ್ತದ ಎಂಜಿನ್

ಗೆಳೆಯ ಹಣಮಂತರಾಯ ತನ್ನ ಹಳೆಯ ಫಿಯೆಟ್ ಕಾರನ್ನು ನನಗೆ ಮಾರುವಾಗ ಬಾನೆಟ್ ಮೇಲೆ ಕೈಯಿಟ್ಟು ಹೇಳಿದ್ದ: "ನನ್ನ ಬಿಟ್ಟು ಈ ಎಂಜಿನ್ನಿಗೆ ಇನ್ನೊಬ್ಬರ ಕೈ ಹತ್ತಿಲ್ಲಪಾ. ಸುಳ್ಳಾದ್ರ ನಮ್ಮ ದೋಸ್ತಿ ಇಲ್ಲಿಗೇ ಮುಗೀತು ಅನ್ಕೋ." ಒಂದೇ ಊರಿನಿಂದ ಹೈದರಾಬಾದಿಗೆ ಬಂದವರು ನಾವು, ಅವನ ಮಾತಿಗಿಂತ ದೊಡ್ಡ ಗ್ಯಾರಂಟಿ ನನಗೆ ಬೇಕಿರಲಿಲ್ಲ.

ತೊಂಬತ್ತೈದರ ಮೇ ತಿಂಗಳ ಒಂದು ಮಧ್ಯಾಹ್ನ, ಕಾಚಿಗೂಡದ ನಮ್ಮ ಮನೆಯಂಗಳದಲ್ಲಿ ಕಾರಿನಡಿ ಅಂಗಾತ ಮಲಗಿ, ಆಯಿಲ್ ಸೋರುತ್ತಿದ್ದ ಎಂಜಿನ್ನಿನ ತಳದ ಬೋಲ್ಟು ಬಿಚ್ಚುತ್ತಿದ್ದೆ. "ಹತ್ತರ ಪಾನಾ ಕೊಡು ನಲಿನಿ," ಎಂದು ಹೆಂಡತಿಯನ್ನು ಕೂಗಿ ಕೈ ಚಾಚಿದೆ. ಸ್ಪ್ಯಾನರ್ ಅಂಗೈಗೆ ಬಂತು. ಬಿಸಿಲಿಗೆ ಬಿದ್ದಿದ್ದ ಕಬ್ಬಿಣ ಚುರ್ ಎನ್ನಬೇಕಿತ್ತು; ಬಾವಿ ನೀರಿನಷ್ಟು ತಣ್ಣಗಿತ್ತು. ಗ್ರೀಸೆಲ್ಲ ಒರೆಸಿ ಕೊಟ್ಟಂತೆ ಹೊಳೆಯುತ್ತಿತ್ತು. ಮುಂದೆ ಕೇಳಿದ್ದೆಲ್ಲವೂ ಹಾಗೇ ಚೊಕ್ಕಟವಾಗಿ, ತಣ್ಣಗೆ ಬಂತು. ಬಳೆಯ ಸದ್ದು ಮಾತ್ರ ಒಮ್ಮೆಯೂ ಬರಲಿಲ್ಲ. ಕೊನೆಯ ಬೋಲ್ಟಿಗೆ ಬೇಕಾದ ಸ್ಪ್ಯಾನರ್ ನಾನು ಕೇಳುವ ಮೊದಲೇ ಕೈಯಲ್ಲಿತ್ತು.

ಆಗ ಗೇಟಿನ ಬೀಗ ತೆಗೆದ ಸದ್ದಾಯಿತು. "ತಂಗೀನ ಸ್ಟೇಷನ್ನಿಗೆ ಬಿಟ್ಟು ಬಂದೆ," ಎಂದಳು ನಲಿನಿ. "ಗಾಡಿ ಕೆಳಗ ಹೊಕ್ರ ನಿಮಗ ಕಳ್ಳ ಬಂದ್ರೂ ತಿಳಿಯಂಗಿಲ್ಲ, ಅದಕ್ಕ ಕೀಲಿ ಹಾಕ್ಕೊಂಡು ಹೋಗಿದ್ದೆ."

ಸಂಜೆ ಹಣಮಂತನ ಮನೆಗೆ ಹೋದೆ. ಬೀಗ ಹಾಕಿದ ಅಂಗಳದಲ್ಲಿ ಯಾರೋ ನನಗೆ ಸ್ಪ್ಯಾನರ್ ಕೊಟ್ಟರು ಎಂದಷ್ಟೇ ಹೇಳಿದೆ. ನಗುತ್ತಾನೆ, ಬಿಸಿಲು ತಲೆಗೇರಿದೆ ಎಂದು ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಚಹಾದ ಬಸಿ ಕೆಳಗಿಟ್ಟು, ನನ್ನ ಮುಖ ನೋಡದೆ ಕೇಳಿದ:

"ಈಗೂ ಒರೆಸೇ ಕೊಡ್ತಾನೇನೋ?"

ಒರೆಸಿದ ಮಾತನ್ನು ನಾನು ಅವನಿಗೆ ಹೇಳಿಯೇ ಇರಲಿಲ್ಲ.