ಮುಸುಕಿನ ಮುಂದೆ ಬಿಚ್ಚಿಟ್ಟ ಮತ

"ವೇಷದವರನ್ನ ಒಳಗೆ ಬಿಡ್ತೀರಾ...?"

ಉಸಿರನ್ನು ಒಳಕ್ಕೆಳೆದುಕೊಂಡೇ ಆಡಿದ ಮಾತು. ಕ್ರಿಸ್‌ಮಸ್‌ಗೆ ವೇಷ ಹಾಕಿ ಮನೆಮನೆಗೆ ಬರುವವರ ದನಿ ಗುರುತಾಗಬಾರದಲ್ಲ!

ಡ್ರುಸಿಲ್ಲಾ ಬಾಗಿಲು ತೆರೆದಳು. ಇಬ್ಬರು ನಿಂತಿದ್ದರು. ಮುಖಕ್ಕೆ ಕಿಟಕಿ ಪರದೆಯ ಮುಸುಕು, ಕೋಟಿನ ಮೇಲೆ ಕೋಟು. ಒಬ್ಬನಂತೂ ಲಂಗ ಉಟ್ಟು ಎದೆಗೆ ದಿಂಬು ತುರುಕಿಕೊಂಡಿದ್ದ.

ಅವಳ ಕಣ್ಣು ನೆಟ್ಟಿದ್ದು ಇನ್ನೊಬ್ಬನ ಕೈಗವಸಿನ ಮೇಲೆ. ನೀಲಿ-ಬಿಳಿ ಹೆಣಿಗೆ... ಹೋದ ಚಳಿಗಾಲ ತಾನೇ ಹೆಣೆದದ್ದು. ಸೆಲ್ಬಿಗಾಗಿ!

'ಅಯ್ಯೋ, ಇವನ್ಯಾಕೆ ಬಂದ?'

ನ್ಯೂಫೌಂಡ್‌ಲ್ಯಾಂಡ್ ದ್ವೀಪ ಕೆನಡಾ ಸೇರಬೇಕೋ, ತನ್ನ ಕಾಲ ಮೇಲೆ ತಾನು ನಿಲ್ಲಬೇಕೋ ಎಂದು ಕಳೆದ ಜುಲೈನಲ್ಲಿ ಎಲ್ಲರೂ ಮತ ಹಾಕಿದ್ದರು. ಸೇರೋಣ ಎಂದವರು ಕೂದಲೆಳೆಯ ಅಂತರದಲ್ಲಿ ಗೆದ್ದರು. ಬರುವ ಮಾರ್ಚ್ ಕೊನೆಗೆ ದ್ವೀಪ ಕೆನಡಾದ್ದು.

ಸೆಲ್ಬಿ ಕುಣಿದಾಡಿದ. ಅವಳ ಅಪ್ಪ ಅಜರಾಯ ಮಾತ್ರ ಬಾವುಟ ಇಳಿಸಿ, ಮಡಿಚಿ, ಪೆಟ್ಟಿಗೆಗೆ ಹಾಕಿದ. "ಕೆನಡಾ ಕಡೆಯವರು ನನ್ನ ಹೊಸ್ತಿಲು ತುಳೀಬಾರದು" ಎಂದವನು ಮೂರು ದಿನ ಬಾಯಿ ಬಿಡಲಿಲ್ಲ.

ನಾಲ್ಕನೆಯ ದಿನ ಡ್ರುಸಿಲ್ಲಾ ಸೆಲ್ಬಿಯ ಜೊತೆ ಗೊತ್ತಾಗಿದ್ದ ಮದುವೆ ಮುರಿದಳು. "ದೇಶ ಮಾರಿದವನು ನನಗೆ ಬೇಡ!"

ಸೆಲ್ಬಿ ನಂಬಿದ್ದ. ಎಲ್ಲರೂ ನಂಬಿದ್ದರು.

"ಈ ದಪ್ಪಮ್ಮನ ನೋಡೇ!" ಟ್ರೈಫೀನಾ ಚಿಕ್ಕಮ್ಮ ಲಂಗದವನನ್ನು ಒಲೆ ಪಕ್ಕ ಕೂರಿಸಿ ನಕ್ಕಳು. "ಬಾಣಂತನ ಜೋರಾಗಿ ಆಗಿದೆ! ಯಾರ ಮನೆಯವಳಮ್ಮಾ ನೀನು? ಡ್ರುಸಿಲ್ಲಾ, ಹೆಸರು ಹೇಳೇ!"

ಹೆಸರು ಹಿಡಿದು ಕರೆದರೆ ವೇಷದವರು ಮುಸುಕು ತೆಗೆಯಲೇಬೇಕು. ದೋಣಿಮನೆಯಿಂದ ಅಪ್ಪ ಬರುವ ಹೊತ್ತು. ಅವನೆದುರು ಸೆಲ್ಬಿಯ ಮುಖ ಕಂಡರೆ...?

ಅವಳು ಕೈಗವಸಿನವನನ್ನು ದಿನಸಿ ಕೋಣೆಗೆ ಎಳೆದೊಯ್ದಳು.

"ಮಾತಾಡಬೇಡ. ಕೇಳ್ಕೊಂಡು ಹೊರಟುಹೋಗು. ನಾನೂ ಕೆನಡಾಕ್ಕೇ ಮತ ಹಾಕಿದ್ದು ಕಣೋ! ಡಾಕ್ಟರು ಬರ್ತಾರೆ ಅಂತ ಕಾದು ಕಾದು ಅಮ್ಮ ಹೋಗ್ಬಿಟ್ಲಲ್ಲ... ಮತ ಹಾಕೋಕೆ ಪೆನ್ಸಿಲ್ ಹಿಡಿದಾಗ ಅವಳೇ ಕಣ್ಮುಂದೆ ಬಂದ್ಲು. ಕೆನಡಾ ಸೇರಿದ್ರೆ ಊರಿಗೆ ಡಾಕ್ಟರು ಬರ್ತಾರೆ ಅನ್ನಿಸ್ತು. ಆದ್ರೆ ಅಪ್ಪ ದೇಶ ಕಳ್ಕೊಂಡ. ಮಗಳನ್ನೂ ಕಳ್ಕೋಬೇಕಾ? ಅದಕ್ಕೇ ನಿನ್ನ ಬಿಟ್ಟೆ. ಪ್ರೀತಿ ಬಿಟ್ಟಿಲ್ಲ..."

ಕೈಗವಸಿನ ಕೈ ಮೆಲ್ಲಗೆ ಮುಸುಕನ್ನು ಎತ್ತಿತು.

ಬಿಳಿಗಡ್ಡ!

"ಅಪ್ಪಾ...!"

ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಆ ಹುಡುಗ ಇವತ್ತು ದೋಣಿಮನೆಗೇ ಬಂದ," ಅಜರಾಯ ಮುಸುಕಿನಿಂದಲೇ ಮೂಗೊರೆಸಿಕೊಂಡ. "'ಬೈಯೋದಿದ್ರೆ ಬೈದುಬಿಡಿ, ಅವಳಿಗಂತೂ ನಾನು ಬೇಡ' ಅಂದ. ನೀನು ಅವನ ದೋಣಿ ಹೋಗೋದನ್ನ ನೋಡ್ತಾ ನಿಲ್ಲೋದು ನನಗೇನು ಕಾಣ್ಸಲ್ವಾ? ಕೈಗವಸು ಇಸ್ಕೊಂಡೆ. ನೋಡಿ ಮುಖ ತಿರುಗಿಸ್ತೀಯೋ ಇಲ್ವೋ ಅಂತ. ಇಷ್ಟುದ್ದ ಹೇಳ್ತೀಯ ಅಂತ ಯಾವನಿಗೆ ಗೊತ್ತಿತ್ತು!"

"ಕೋಪಾನಾ ಅಪ್ಪಾ?"

"ಕೋಪಾನೇ! ಸಾಯೋವರೆಗೂ ಇರತ್ತೆ." ಆಮೇಲೆ ಅವನ ದನಿ ಇಳಿಯಿತು. "ಆದ್ರೆ ನಾನು ಊರೆಲ್ಲಾ ಕೂಗಿದ್ದೇನು? ನಮ್ಮ ಹಣೆಬರಹ ನಾವೇ ಬರ್ಕೋಬೇಕು ಅಂತ. ನನ್ನ ಮಗಳು ಮಾತ್ರ ನನ್ನ ಮುಖ ನೋಡಿ ಬರ್ಕೋಬೇಕಾ? ನನಗೇ ನಾಚಿಕೆ ಆಯ್ತು ಕಣೇ. ಹೋಗು... ಅವನ ಹೆಸರು ಹೇಳು, ಹೋಗು."

ಐದು ತಿಂಗಳಿಂದ ಎದೆ ಮೇಲೆ ಕೂತಿದ್ದ ಬಂಡೆ ಉರುಳಿಹೋಯಿತು. ಅವಳು ಅತ್ತಳೋ ನಕ್ಕಳೋ, ಅವಳಿಗೇ ತಿಳಿಯಲಿಲ್ಲ.

"ಏನೇ ಅಲ್ಲಿ!" ಚಿಕ್ಕಮ್ಮ ಕೂಗಿದಳು. "ಈ ದಪ್ಪಮ್ಮ ಕೂತಲ್ಲೇ ಬೆವರ್ತಿದಾಳೆ!"

ಒಲೆ ಪಕ್ಕದವನ ಬರಿಗೈ ಚಳಿಗೆ ಕೆಂಪಾಗಿತ್ತು. ಡ್ರುಸಿಲ್ಲಾ ಅದನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಸೆಲ್ಬಿ."

ಮುಸುಕು ಸರಿಯಿತು. ಒದ್ದೆ ಕಣ್ಣು. ದಿಂಬು ಜಾರಿ ಹೊಟ್ಟೆಗೆ ಬಂದಿತ್ತು.

"ಕೇಕ್ ಕೊಡೇ ಅವನಿಗೆ," ಹಿಂದಿನಿಂದ ಅಜರಾಯ ಗುಡುಗಿದ. "ಮದುವೆ ಮಾತ್ರ ಫೆಬ್ರವರಿ ದಾಟಬಾರದು. ನನ್ನ ಮಗಳ ಮದುವೆ ನನ್ನ ದೇಶದಲ್ಲೇ ಆಗ್ಬೇಕು!"

"ನನ್ನ ಕೈಗವಸು...?" ಸೆಲ್ಬಿ ಅಳುಕುತ್ತಾ ಕೇಳಿದ.

"ಬೆಚ್ಚಗಿದೆ. ಕೊಡಲ್ಲ."

ಡ್ರುಸಿಲ್ಲಾ ನಗುತ್ತಾ ಅವನ ಬೆರಳಿಗೆ ಉಸಿರು ಊದಿದಳು. "ಇನ್ನೊಂದು ಜೊತೆ ಹೆಣೀತೀನಿ ಬಿಡು."

"ಅಲ್ಲೀತನಕ?"

"ಅಲ್ಲೀತನಕ... ನನ್ನ ಕೈ ಇದೆಯಲ್ಲ."